ದಿನಕ್ಕೊಂದು, ವಾರಕ್ಕೊಂದು

ಕಸ್ತೂರಿಬಾಯಿಗೆ ನೆಲದಿಂದ ಏಳುವುದು ಯಾವಾಗಿನಿಂದ ಕಷ್ಟವಾಯಿತು ಎಂದು ಕೇಳಿದರೆ ಆಕೆಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಮೊದಮೊದಲು ಒಂದು ಕೈ ಊರಿ ಏಳುತ್ತಿದ್ದಳು. ಆಮೇಲೆ ಎರಡೂ ಕೈ ಬೇಕಾದವು. ಕೊನೆಕೊನೆಗೆ ಲಿಂಗಪೂಜೆ ಮುಗಿಸಿ ಕೂತಲ್ಲಿಂದಲೇ ಗಂಡನನ್ನು ಕೂಗಿ, ಅವನ ತೋಳು ಹಿಡಿದು ಏಳತೊಡಗಿದಳು. ತೊಡೆಯೊಳಗೆ ಯಾರೋ ಹಸಿ ಮರಳು ತುಂಬಿದಂತಿತ್ತು. ನೋವು ಎನ್ನಲೂ ಆಗದು, ನೋವಿಲ್ಲ ಎನ್ನಲೂ ಆಗದು. ಬೆನ್ನು, ಸೊಂಟ, ಪಕ್ಕೆ, ಎಲ್ಲಿ ಒತ್ತಿದರೂ ಎಲುಬೇ ಹುಣ್ಣಾದ ಹಾಗೆ ಒಳಗಿನಿಂದ ನೋಯುತ್ತಿತ್ತು.

ಆಕೆ ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹಳ್ಳಿಯವಳು. ಮದುವೆಗೆ ಮುಂಚೆ ತೊಗರಿ, ಜೋಳದ ಹೊಲದಲ್ಲಿ ಅಕ್ಕನ ಜೊತೆ ಕಳೆ ತೆಗೆಯುತ್ತ ಬಿಸಿಲಲ್ಲೇ ಬೆಳೆದಳು. ರೇವಣಪ್ಪನ ಕೈ ಹಿಡಿದು ನಾಸಿಕಕ್ಕೆ ಬಂದ ಮೇಲೆ ಬಿಸಿಲಿನ ಸಂಬಂಧ ಕಡಿದುಹೋಯಿತು. ರೇವಣಪ್ಪ ಸಾತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಪಾಳಿ ಕೆಲಸ. ಅವನು ಹಗಲು ಮಲಗಿದಾಗ ಸದ್ದಾಗಬಾರದು, ಬೆಳಕೂ ಬರಬಾರದು ಎಂದು ಕಿಟಕಿಗೆ ದಪ್ಪ ಪರದೆ ಬಿತ್ತು. ತೆರೆದರೂ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಗೋಡೆ. ಆ ಮನೆಯ ಟ್ಯೂಬ್‌ಲೈಟಿನ ಕೆಳಗೆ ಕೂತು ಕಸ್ತೂರಿಬಾಯಿ ಸೀರೆಗಳಿಗೆ ಫಾಲ್ ಹಚ್ಚಿದಳು, ಪಿಕೋ ಮಾಡಿದಳು. ಕಾಲೊನಿಯ ಹೆಂಗಸರು ಮದುವೆಯ ಪೈಠಣಿ ರೇಷ್ಮೆಸೀರೆಗಳನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಒಬ್ಬಳೇ ಮಗಳು ಲತಾ ಆ ಹೊಲಿಗೆ ಯಂತ್ರದ ಸದ್ದಿನಲ್ಲೇ ನಿದ್ದೆ ಮಾಡಿ, ಅದರ ಪಕ್ಕದಲ್ಲೇ ಓದಿ ದೊಡ್ಡವಳಾದಳು. ಕಸ್ತೂರಿಬಾಯಿಗೆ ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು, ಅದರ ಬೆನ್ನಿಗೇ ಬಿಪಿ ಬಂತು. ಎರಡಕ್ಕೂ ಗುಳಿಗೆ ನುಂಗುತ್ತ, ಎಲ್ಲರಿಗೂ ಇರುವುದೇ ತನಗೂ ಬಂತು ಎಂದುಕೊಂಡು ಸುಮ್ಮನಿದ್ದಳು.

ಎಲುಬಿನ ನೋವು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಸಕ್ಕರೆಯಿಂದ ಎಂದ ಒಬ್ಬ ಡಾಕ್ಟರ್. ವಯಸ್ಸು ಎಂದ ಇನ್ನೊಬ್ಬ. ಮುಟ್ಟು ನಿಂತ ಮೇಲೆ ಹೀಗೇ ಎಂದರು ನೆರೆಯವರು. ಕಡೆಗೆ ಒಂದು ದಿಕ್ಕು ತೋರಿಸಿದವರು ಮೇಲಿನ ಮಹಡಿಯ ವಸುಧಾ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಆಫೀಸರು. ಫಾಲ್ ಹಚ್ಚಿದ ಸೀರೆ ಒಯ್ಯಲು ಬಂದಾಗ ಕಸ್ತೂರಿಬಾಯಿ ಗೋಡೆ ಹಿಡಿದು ಏಳುವುದನ್ನು ಕಂಡು ನಿಂತುಬಿಟ್ಟರು.

“ನೀವು ವಿಟಮಿನ್ ಡಿ ತಪಾಸ್ ಮಾಡಿಸೀರೇನ್ರಿ?”

“ಅದು ಯಾವ ರೋಗ್ರೀ, ಮೇಡಂ?”

“ರೋಗ ಅಲ್ರೀ. ಬಿಸಿಲಿನಿಂದ ಮೈಯಾಗ ಆಗೋ ಒಂದು ಸತ್ವ. ಅದು ಕಡಿಮಿ ಆದ್ರ ಎಲುಬು ಮೆತ್ತಗಾಗ್ತಾವ. ನಂಗೂ ಕಡಿಮಿ ಇತ್ತಲ್ಲ. ಮುಂಜಾನಿಂದ ಸಂಜಿತನ ಏಸಿಯೊಳಗ ಕೂತ್ರ ಬಿಸಿಲೆಲ್ಲಿ ಬೀಳಬೇಕು?”

ರಕ್ತ ಕೊಟ್ಟರು. ಮೂವತ್ತರ ಮೇಲಿರಬೇಕಾದದ್ದು ಒಂಬತ್ತು ಬಂತು. ಹತ್ತಿರದ ದವಾಖಾನೆಯ ಡಾಕ್ಟರ್ ಕೆಲವು ವಾರ ಸೊಂಟಕ್ಕೆ ಸೂಜಿ ಚುಚ್ಚಿ, ಮುಂದೆ ಹಾಲಿನಲ್ಲಿ ಕಲಸಿ ಕುಡಿಯಲು ಪುಡಿಯ ಪುಟ್ಟ ಪೊಟ್ಟಣಗಳನ್ನು ಬರೆದುಕೊಟ್ಟರು. ವಾರಕ್ಕೊಂದು ಎಂದರು. ಕಸ್ತೂರಿಬಾಯಿ ತಲೆ ಆಡಿಸಿದಳು. ಆದರೆ ಆಕೆಯ ಮನಸ್ಸು ಆ ಒಂಬತ್ತರಲ್ಲೇ ಸಿಕ್ಕಿಕೊಂಡಿತ್ತು. ಲತಾಳ ಶಾಲೆಯ ದಿನಗಳಲ್ಲಿ ಒಂಬತ್ತು ಅಂಕ ಬಂದಿದ್ದರೆ ಮನೆಯಲ್ಲಿ ಯಾರಾದರೂ ಊಟ ಮಾಡುತ್ತಿದ್ದರೇ?

ಸೂಜಿಗಳಿಂದ ಗುಣ ಕಂಡಿತು, ಸುಳ್ಳಲ್ಲ. ಮರಳು ಸ್ವಲ್ಪ ಸೋರಿಹೋದಂತೆ ಕಾಲು ಹಗುರಾದವು. ಅಷ್ಟರಲ್ಲಿ ಲತಾಗೆ ಹೆರಿಗೆಯಾಯಿತು.

ಲತಾ ಮತ್ತು ಅಳಿಯ ಜಯಂತ್ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. ಅವನು ವಾಳೂಜಿನ ಕಂಪನಿಯೊಂದರಲ್ಲಿ, ಅವಳು ಒಂದು ವಿಮಾ ಕಚೇರಿಯಲ್ಲಿ. ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರುವುದೇ ಪದ್ಧತಿ. ಆದರೆ ಗಾಳಿ ಬೆಳಕಿಲ್ಲದ ಸಾತಪುರದ ಮನೆಗೆ ಹಸಿಕೂಸನ್ನು ತರುವುದಕ್ಕಿಂತ ತಾನೇ ಹೋಗುವುದು ಮೇಲೆಂದು ಕಸ್ತೂರಿಬಾಯಿ ಹೊರಟಳು. ಚೀಲದಲ್ಲಿ ಅಳವಿ, ಅಂಟು, ಒಣಕೊಬ್ಬರಿ, ಹಳೆಯ ಮೆತ್ತನೆಯ ಸೀರೆಗಳು, ಜೊತೆಗೆ ತನ್ನ ಪುಡಿಯ ಪೊಟ್ಟಣಗಳು.

ಕೂಸು ಹೆಣ್ಣು. ತಲೆತುಂಬ ಕೂದಲು. ಅದನ್ನು ನೋಡಿದ ದಿನ ಕಸ್ತೂರಿಬಾಯಿ ತನ್ನ ಎಲುಬುಗಳನ್ನೇ ಮರೆತಳು.

ಮಕ್ಕಳ ಡಾಕ್ಟರ ಹತ್ತಿರ ಮೊದಲ ಸಲ ಹೋದಾಗ ಅವರು ಒಂದು ಸಣ್ಣ ಶೀಶೆ ಬರೆದುಕೊಟ್ಟು ಮರಾಠಿಯಲ್ಲಿ ಖಡಾಖಂಡಿತವಾಗಿ ಹೇಳಿದರು: ಇದು ವಿಟಮಿನ್ ಡಿ, ದಿನಾ ಹಾಕಬೇಕು, ಒಂದು ದಿನವೂ ತಪ್ಪಿಸಬಾರದು. ಕಸ್ತೂರಿಬಾಯಿ ಕಿವಿ ನಿಮಿರಿಸಿದಳು. ತನ್ನದೂ ಅದೇ ಅಲ್ಲವೇ? ದಾರಿಯುದ್ದಕ್ಕೂ ರಿಕ್ಷಾದಲ್ಲಿ ಕೂಸನ್ನು ಎದೆಗವಚಿಕೊಂಡು ಅದನ್ನೇ ಯೋಚಿಸಿದಳು. ಅಂಗೈಯಷ್ಟು ಕೂಸಿಗೆ ದಿನಾ ಬೇಕಂತೆ. ಅದಕ್ಕೆ ಸಕ್ಕರೆಯಿಲ್ಲ, ಬಿಪಿಯಿಲ್ಲ, ರಕ್ತದಲ್ಲಿ ಒಂಬತ್ತೆಂಬ ಕೊರತೆಯೂ ಇಲ್ಲ. ಹಾಗಿದ್ದರೆ ಇಷ್ಟು ದೊಡ್ಡ ದೇಹಕ್ಕೆ, ಇಷ್ಟು ವರ್ಷ ಬಿಸಿಲು ಕಾಣದ ಎಲುಬಿಗೆ ವಾರಕ್ಕೊಂದು ಹೇಗೆ ಸಾಕಾದೀತು? ನಾಸಿಕದ ಡಾಕ್ಟರ್ ತಪ್ಪು ಹೇಳಿರಬೇಕು, ಇಲ್ಲವೇ ತಾನೇ ತಪ್ಪು ಕೇಳಿಸಿಕೊಂಡಿರಬೇಕು. ಸಕ್ಕರೆ ಗುಳಿಗೆ ದಿನಾ, ಬಿಪಿ ಗುಳಿಗೆ ದಿನಾ, ಲತಾಳ ಥೈರಾಯ್ಡ್ ಗುಳಿಗೆಯೂ ದಿನಾ. ವಾರಕ್ಕೊಮ್ಮೆ ಕುಡಿಯುವ ಔಷಧಿಯನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮರುದಿನದಿಂದ ಬೆಳಿಗ್ಗೆ ಕೂಸಿನ ನಾಲಿಗೆಯ ಮೇಲೆ ಹನಿ ಬಿಟ್ಟ ಕೂಡಲೇ ತಾನೂ ಒಂದು ಪೊಟ್ಟಣ ಹರಿದು ಹಾಲಿಗೆ ಸುರಿದು ಕುಡಿಯತೊಡಗಿದಳು. ಮುಚ್ಚಿಟ್ಟು ಮಾಡಿದ್ದಲ್ಲ. ಅಡುಗೆಮನೆಯ ಕಟ್ಟೆಯ ಮುಂದೆ ಎಲ್ಲರೂ ಓಡಾಡುವ ಹೊತ್ತಿನಲ್ಲೇ ಕುಡಿಯುತ್ತಿದ್ದಳು. ಆ ಹೊತ್ತಿಗೆ ಜಯಂತ್ ಕಂಪನಿಯ ಬಸ್ಸಿಗೆ ಓಡುತ್ತಿದ್ದ, ಲತಾ ಬಾಣಂತಿ ಕೋಣೆಯಲ್ಲಿರುತ್ತಿದ್ದಳು. ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ತಂದದ್ದು ಮುಗಿದಾಗ ಕಟ್ಟಡದ ಕೆಳಗಿನ ಔಷಧಿ ಅಂಗಡಿಗೆ ಖಾಲಿ ಪೊಟ್ಟಣ ಒಯ್ದು ತೋರಿಸಿದಳು. ಅಂಗಡಿಯವನು ಒಂದು ಡಬ್ಬಿಯನ್ನೇ ಕೊಟ್ಟ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಬಾಯಾರಿಕೆ ಶುರುವಾಯಿತು.

ಚೊಂಬುಗಟ್ಟಲೆ ನೀರು ಕುಡಿದರೂ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಕುಡಿದಷ್ಟೂ ಬಚ್ಚಲಿಗೆ ಓಡಬೇಕು. ಮರಾಠವಾಡದ ಬೇಸಿಗೆ, ಸೆಖೆ ಹಾಗೇ ಎಂದ ಜಯಂತ್. ಲತಾಗೆ ಮಾತ್ರ ಸಕ್ಕರೆ ಏರಿದೆ ಎಂಬ ಗುಮಾನಿ. ಮನೆಯಲ್ಲಿದ್ದ ಸಕ್ಕರೆ ನೋಡುವ ಯಂತ್ರ ತಂದು ತಾಯಿಯ ಬೆರಳು ಚುಚ್ಚಿದಳು.

“ಅವ್ವಾ, ಶುಗರ್ ಬರೋಬರ್ ಅದಾ.”

“ಮತ್ತ ಬಾಯಿ ಯಾಕ ಹಿಂಗ ಒಣಗ್ಲತ್ತದ?”

“ತೇಚ್ ಕಳತ ನಾಹೀ. ನಂಗೂ ಅದೇ ತಿಳಿವಲ್ದು.”

ಲತಾ ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಹೆದರಿದಾಗ ಮರಾಠಿ ಹೆಚ್ಚಾಗುತ್ತಿತ್ತು.

ಬಾಯಾರಿಕೆಯ ಬೆನ್ನಿಗೆ ಹೊಟ್ಟೆ ಕಟ್ಟಿತು. ಅನ್ನದ ವಾಸನೆಗೇ ಓಕರಿಕೆ ಬರತೊಡಗಿತು. ತೊಡೆಗಳು ಮತ್ತೆ ಸೋತವು. ಹಾಗೆ ಸೋತಷ್ಟೂ ಕಸ್ತೂರಿಬಾಯಿ ಬೆಳಗಿನ ಪೊಟ್ಟಣವನ್ನು ಇನ್ನಷ್ಟು ಶ್ರದ್ಧೆಯಿಂದ ಕುಡಿದಳು. ಊಟ ಬಿಟ್ಟರೂ ಅದನ್ನು ಬಿಡಲಿಲ್ಲ. ತನ್ನ ಮೈಗೆ ಬಲ ಕೊಡುವುದು ಅದೊಂದೇ ಎಂದು ನಂಬಿದ್ದಳು.

ಆಮೇಲಿನದು ಆಕೆಗೆ ತುಂಡುತುಂಡಾಗಿ ನೆನಪಿದೆ. ಬಾಣಂತಿಯ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಹಾಕಿದ್ದು. ಅಡುಗೆಮನೆಗೆ ಹೋಗಿ ಏಕೆ ಬಂದೆ ಎಂದು ಗೋಡೆ ನೋಡುತ್ತ ನಿಂತದ್ದು. ನಡುಮಧ್ಯಾಹ್ನ ಬೆಳಗಾಯಿತೇ ಎಂದು ಕೇಳಿದ್ದು. ಮಾತುಗಳು ಬಾಯಿಗೆ ಬರುವ ಮೊದಲೇ ಎಲ್ಲೋ ಇಳಿದುಹೋಗುತ್ತಿದ್ದವು. ಲತಾಳನ್ನು “ಗುಂಡಮ್ಮಾ” ಎಂದು ಕರೆದಳಂತೆ. ಅದು ತೀರಿಹೋದ ಅಕ್ಕನ ಹೆಸರು. ತಾನು ಯಾರನ್ನು ಕರೆದೆ ಎಂದು ಆಕೆಗೂ ಗೊತ್ತಾಗಲಿಲ್ಲ. ಲತಾ ಮಾತ್ರ ಹೌಹಾರಿದಳು.

ಒಂದು ಮುಂಜಾನೆ ಮಾತ್ರ ಪೂರ್ತಿ ನೆನಪಿದೆ. ಅದನ್ನು ಮರೆತಿದ್ದರೆ ಒಳ್ಳೆಯದಿತ್ತು ಎಂದು ಆಕೆಗೆ ಎಷ್ಟೋ ಸಲ ಅನ್ನಿಸಿದೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಿದ್ದಳು. ಎಣ್ಣೆ ಹಚ್ಚಿದ್ದಾಗಿತ್ತು. ಪಕ್ಕದಲ್ಲಿ ಬಿಸಿನೀರು ಇತ್ತು. ಮುಂದೇನು? ಎರೆದದ್ದಾಯಿತೇ, ಎರೆಯಬೇಕೇ? ಕೂಸಿನ ಬೆನ್ನು ಒದ್ದೆಯಾಗಿದೆ. ಅದು ಎಣ್ಣೆಯೋ ನೀರೋ? ಕೈ ಚೊಂಬಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಕೂಸು ಕಿರುಚಿ ಕಿರುಚಿ ಅದರ ದನಿ ಕಟ್ಟಿತ್ತು. ಲತಾ ಓಡಿ ಬಂದಾಗ ಬಕೆಟ್ಟಿನ ನೀರು ತಣ್ಣಗಾಗಿತ್ತು.

ಲತಾ ಏನೂ ಬೈಯಲಿಲ್ಲ. ಕೂಸನ್ನು ಎತ್ತಿ ಟವೆಲಿನಲ್ಲಿ ಸುತ್ತಿಕೊಂಡಳು.

“ನೀ ಬ್ಯಾಡವ್ವಾ. ಇನ್ನ ಮ್ಯಾಲ ನಾನೇ ಮಾಡ್ತೀನಿ.”

“ನಾ ಏನ್ ಮಾಡ್ದೆನವ್ವಾ?”

“ಏನಿಲ್ಲ. ನೀ ಮಕ್ಕೋ ಹೋಗು.”

ಅಂದಿನಿಂದ ಕೂಸು ಆಕೆಯ ತೊಡೆಗೆ ಬರಲಿಲ್ಲ. ಅತ್ತರೆ ಲತಾ, ಇಲ್ಲದಿದ್ದರೆ ಜಯಂತ್. ಕೋಣೆಯ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಕಸ್ತೂರಿಬಾಯಿ ಹೊರಗಿನ ದಿವಾನಿನ ಮೇಲೆ ಕೂತು, ತನ್ನಿಂದ ಏನೋ ದೊಡ್ಡ ತಪ್ಪಾಗಿದೆ, ಅದೇನೆಂದು ಇವರು ಹೇಳುತ್ತಿಲ್ಲ ಎಂದು ಕೊರಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಏಕೆ ಕೊರಗುತ್ತಿದ್ದೇನೆ ಎಂಬುದೇ ಮರೆಯುತ್ತಿತ್ತು. ಕೊರಗು ಮಾತ್ರ ಹಾಗೇ ಉಳಿಯುತ್ತಿತ್ತು.

ಲತಾ ತಂದೆಗೆ ಫೋನ್ ಮಾಡಿದಳು. ಮರೆವಿನ ರೋಗ ಇರಬಹುದು, ಇಷ್ಟು ಬೇಗ ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದಳು. ರೇವಣಪ್ಪ ಸಿಕ್ಕ ಬಸ್ಸು ಹತ್ತಿ ಬಂದ. ಬಾಗಿಲಲ್ಲಿ ನಿಂತ ಗಂಡನನ್ನು ನೋಡಿ ಕಸ್ತೂರಿಬಾಯಿ ಗಾಬರಿಯಾಗಿ ಎದ್ದಳು.

“ಇದೇನ್ರಿ, ಇವತ್ತ ಪಾಳಿಗಿ ಹೋಗಿಲ್ಲೇನು? ಡಬ್ಬಿ ಕಟ್ಟಿ ಇಟ್ಟೀನಲ್ಲ.”

ರೇವಣಪ್ಪ ನಿವೃತ್ತನಾಗಿ ವರ್ಷಗಳೇ ಕಳೆದಿದ್ದವು. ಅವನು ಹೆಂಡತಿಯ ಕೈ ಹಿಡಿದು ಕೂಡಿಸಿದ. “ಹೋಗ್ತೀನಿ, ಹೋಗ್ತೀನಿ. ಟೈಮ್ ಅದಾ ಇನ್ನಾ” ಎಂದ. ಆಮೇಲೆ ಬಾಲ್ಕನಿಗೆ ಹೋಗಿ ಬಹಳ ಹೊತ್ತು ಅಲ್ಲೇ ನಿಂತ.

ಅದೇ ಸಂಜೆ ಆಕೆ ಕುಡಿದ ನೀರನ್ನೆಲ್ಲ ವಾಂತಿ ಮಾಡಿ, ಏಳಲಾಗದೆ ಬಿದ್ದಳು. ಜಯಂತ್ ಮತ್ತು ರೇವಣಪ್ಪ ಎತ್ತಿಕೊಂಡು ಆಸ್ಪತ್ರೆಗೆ ಒಯ್ದರು.

ಅಲ್ಲಿ ನೋಡಿದವರು ಡಾಕ್ಟರ್ ಮೃಣಾಲಿನಿ. ಚಿಕ್ಕ ವಯಸ್ಸು, ಮೆತ್ತನೆಯ ಮಾತು. ತಲೆಯ ಸ್ಕ್ಯಾನ್ ಆಯಿತು, ಅದರಲ್ಲಿ ಏನೂ ಇರಲಿಲ್ಲ. ಸಕ್ಕರೆ ಸರಿಯಿತ್ತು. ಸೋಡಿಯಂ ಸರಿಯಿತ್ತು. ರಕ್ತದ ಕ್ಯಾಲ್ಸಿಯಂ ಮಾತ್ರ ಇರಬಾರದಷ್ಟು ಏರಿತ್ತು. ಮೃಣಾಲಿನಿ ಕಾಗದವನ್ನು ನೋಡಿ, ಹಾಸಿಗೆಯ ಬಳಿ ಕುರ್ಚಿ ಎಳೆದುಕೊಂಡು ಮರಾಠಿಯಲ್ಲಿ ಒಂದೊಂದೇ ಕೇಳತೊಡಗಿದರು. ಎಲುಬಿಗೆ ಏನಾದರೂ ಔಷಧಿ ನಡೆದಿದೆಯೇ? ಲತಾ ಹೇಳಿದಳು: ನಾಸಿಕದಲ್ಲಿ ಡಿ ಸೂಜಿ ಹಾಕಿದ್ದರು, ಈಗ ಪುಡಿ ಇದೆ, ವಾರಕ್ಕೊಂದು.

ಕಣ್ಣು ಮುಚ್ಚಿ ಮಲಗಿದ್ದ ಕಸ್ತೂರಿಬಾಯಿಗೆ ಆ ಮಾತು ಎಲ್ಲಿಂದಲೋ ಕೇಳಿಸಿತು. ಮಗಳು ತಪ್ಪು ಹೇಳುತ್ತಿದ್ದಾಳೆ ಅನ್ನಿಸಿತು.

“ದಿನಾ” ಎಂದಳು.

“ಏನವ್ವಾ?”

“ದಿನಾ ಕುಡೀತೀನಿ. ಕೂಸಿಗಿ ಹಾಕಿ ನಾ ಕುಡೀತೀನಿ. ಒಂದಿನಾನೂ ತಪ್ಪಿಸಿಲ್ಲ.”

ಆ ಸ್ಥಿತಿಯಲ್ಲೂ ಆಕೆಯ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು. ಲತಾ ಬಾಯಿಗೆ ಕೈ ಇಟ್ಟುಕೊಂಡಳು. ಮೃಣಾಲಿನಿಗೆ ಕನ್ನಡ ಬರುತ್ತಿರಲಿಲ್ಲ. ಲತಾ ಮರಾಠಿಯಲ್ಲಿ ಹೇಳಿದ ಕೂಡಲೇ ಅವರು ಎದ್ದು ನರ್ಸನ್ನು ಕರೆದರು.

ರಕ್ತನಾಳಕ್ಕೆ ಸಲೈನ್ ಹಚ್ಚಿದರು, ಒಂದೆರಡು ಸೂಜಿ ಕೊಟ್ಟರು, ಪೊಟ್ಟಣಗಳನ್ನು ಪೂರ್ತಿ ನಿಲ್ಲಿಸಿದರು. ಕೂಸಿನ ಹನಿಯಲ್ಲಿರುವುದು ಚಿಟಿಕೆಯಷ್ಟು, ಈ ಒಂದು ಪೊಟ್ಟಣದಲ್ಲಿರುವುದು ಕೂಸಿಗೆ ತಿಂಗಳುಗಟ್ಟಲೆ ಸಾಲುವಷ್ಟು. ಅದಕ್ಕೇ ಅದು ವಾರಕ್ಕೊಂದು ಎಂದು ಮೃಣಾಲಿನಿ ರೇವಣಪ್ಪನಿಗೆ ತಿಳಿಸಿ ಹೇಳಿದರು. ಹೆಚ್ಚಾದ ಡಿ ಮೂತ್ರದಲ್ಲಿ ಹೋಗುವುದಿಲ್ಲ, ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಅದು ರಕ್ತಕ್ಕೆ ಕ್ಯಾಲ್ಸಿಯಂ ತುಂಬುತ್ತದೆ, ಮೊದಲು ಮೂತ್ರಪಿಂಡ ಸೋಲುತ್ತದೆ, ಆಮೇಲೆ ತಲೆ ಮಂಕಾಗುತ್ತದೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು.

“ಅಂದ್ರ ಹುಚ್ಚಲ್ಲ?” ರೇವಣಪ್ಪ ತನ್ನ ಮರಾಠಿಯಲ್ಲಿ ಕೇಳಿದ.

“ಹುಚ್ಚಲ್ಲ. ಮರೆವಿನ ರೋಗವೂ ಅಲ್ಲ. ಇಳಿಯುತ್ತದೆ.”

ಇಳಿಯಿತು, ಆದರೆ ಒಮ್ಮೆಲೇ ಅಲ್ಲ. ಮೊದಲು ಬಾಯಾರಿಕೆ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಕಸ್ತೂರಿಬಾಯಿ ಎದುರಿನ ಹಾಸಿಗೆಯ ಹೆಂಗಸಿನ ಸೀರೆಯ ಅಂಚನ್ನು ನೋಡಿ, ಇದಕ್ಕೆ ಪಿಕೋ ಸರಿಯಾಗಿ ಬಿದ್ದಿಲ್ಲ ಎಂದುಕೊಂಡಳು. ಯೋಚನೆಯೊಂದು ಶುರುವಾಗಿ, ಎಲ್ಲೂ ಕಡಿಯದೆ ಮುಗಿದದ್ದು ಎಷ್ಟು ದಿನಗಳ ಮೇಲೋ. ಗಂಡನನ್ನು ನೋಡಿ ಕೇಳಿದಳು:

“ನೀವು ಯಾವಾಗ ಬಂದ್ರಿ?”

“ಬಂದೀನಿ ಈಗರೆ” ಎಂದ ರೇವಣಪ್ಪ. ಮೂಗು ಒರೆಸಿಕೊಂಡ.

ಆಕೆ ಆಸ್ಪತ್ರೆಯಲ್ಲಿದ್ದಾಗ ಲತಾಳ ಮನೆ ನೋಡಿಕೊಂಡವಳು ರೇವಣಪ್ಪನ ತಂಗಿ ಮಹಾನಂದಾ. ಪೈಠಣದ ಹತ್ತಿರದ ಹಳ್ಳಿಗೆ ಕೊಟ್ಟ ಹೆಣ್ಣು. ಜಾಯಕವಾಡಿ ಅಣೆಕಟ್ಟಿನ ನೀರಿನಲ್ಲಿ ಕಬ್ಬು, ಹತ್ತಿ ಬೆಳೆಯುವ ಮನೆ. ವರ್ಷವಿಡೀ ಹೊಲದಲ್ಲೇ ಬದುಕು. ಅತ್ತಿಗೆಯನ್ನು ನೋಡಲು ಆಸ್ಪತ್ರೆಗೆ ಬಂದವಳು ತನಗೂ ಸೊಂಟ ನೋಯುತ್ತದೆ ಎಂದು ಮೃಣಾಲಿನಿಯ ಮುಂದೆ ಹೇಳಿಬಿಟ್ಟಳು. ಅವರು ರಕ್ತ ತೆಗೆಸಿದರು. ಮಹಾನಂದಾಳದೂ ಹನ್ನೊಂದು ಬಂತು.

ಅಷ್ಟರಲ್ಲಿ ತಿಳಿಯಾಗಿದ್ದ ಕಸ್ತೂರಿಬಾಯಿಯ ತಲೆ ಮತ್ತೆ ಕಲಕಿತು.

“ಇದ್ ಹ್ಯಾಂಗ ಅಂತೀನಿ? ನಾ ಮನ್ಯಾಗ ಕೂತಿದ್ದೆ, ನಂಗ ಕಮ್ಮಿ ಆಯ್ತು. ಖರೆ. ಆಕಿ ಮುಂಜಾನಿಂದ ಸಂಜಿತನಕ ಬಿಸಿಲಾಗ ಇರ್ತಾಳ. ಆಕಿಗ್ಯಾಕ ಕಮ್ಮಿ?”

“ನಂಗೂ ಅದೇ ತಿಳಿವಲ್ದು ವೈನಿ” ಎಂದಳು ಮಹಾನಂದಾ. “ಬಿಸಿಲಂದ್ರ ನಂಗ ಸಾಕಾಗ್ಯಾದ.”

ಮರುದಿನ ಮೃಣಾಲಿನಿ ಬಂದಾಗ ಕಸ್ತೂರಿಬಾಯಿ ಕೇಳಿಯೇಬಿಟ್ಟಳು. ಅವರು ಮಹಾನಂದಾಳ ಕಡೆ ನೋಡಿ, ಹೊಲಕ್ಕೆ ಹೋಗುವಾಗ ಏನು ಉಡುತ್ತೀರಿ ಎಂದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆ ಕಿವಿ ಬಾಯಿಗೆಲ್ಲ ಸುತ್ತಿದ ವಸ್ತ್ರ ಎಂದಳು ಮಹಾನಂದಾ. ಬಿಸಿಲು ಕಾಣುವುದು ಕಣ್ಣು ಮತ್ತು ಅಂಗೈ ಮಾತ್ರ. ಅದರ ಮೇಲೆ ನಮ್ಮ ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬಿಸಿಲು ಬೇಕು, ವಯಸ್ಸಾದಂತೆ ಚರ್ಮ ಈ ಸತ್ವವನ್ನು ಮಾಡುವುದೂ ಕಡಿಮೆ ಎಂದರು ಮೃಣಾಲಿನಿ. ಮಾಲೇಗಾಂವಿನ ಮಗ್ಗದ ಷೆಡ್ಡುಗಳಲ್ಲಿ ದುಡಿಯುವವರು, ಪಾಳಿ ಕೆಲಸದ ಹುಡುಗರು, ಕಂಪ್ಯೂಟರ್ ಮುಂದಿನವರು, ಬಸುರಿಯರು, ಶಾಲೆಯ ಮಕ್ಕಳು, ಯಾರ ರಕ್ತ ನೋಡಿದರೂ ತಮಗೆ ಕಡಿಮೆಯೇ ಸಿಗುತ್ತದೆ ಎಂದರು.

“ಹಂಗಾದ್ರ ನನ್ನ ಸಕ್ಕರಿ ಕಾಯಿಲಿ, ಬಿಪಿ ಬಂದದ್ದೂ ಇದರಿಂದೇ ಏನ್ರಿ? ಇವಳ ಥೈರಾಯ್ಡೂ?”

ಲತಾ ಮರಾಠಿಯಲ್ಲಿ ಕೇಳಿದಳು. ಮೃಣಾಲಿನಿ ಕುರ್ಚಿ ಎಳೆದುಕೊಂಡು ಕೂತರು.

“ಗೊತ್ತಿಲ್ಲ, ಕಾಕೂ. ಸಕ್ಕರೆ ಇರುವವರಲ್ಲಿ, ದಪ್ಪ ಮೈಯವರಲ್ಲಿ, ಥೈರಾಯ್ಡ್ ಇರುವವರಲ್ಲಿ ಡಿ ಕಡಿಮೆ ಕಾಣುವುದುಂಟು. ಅದು ಕಡಿಮೆಯಾದದ್ದಕ್ಕೆ ಆ ರೋಗ ಬಂತೋ, ರೋಗವಿದ್ದು ಮನೆಯಲ್ಲೇ ಕೂತಿದ್ದಕ್ಕೆ ಅದು ಕಡಿಮೆಯಾಯಿತೋ, ಸರಿಯಾಗಿ ಹೇಳುವುದು ಕಷ್ಟ. ಎಲುಬಿಗೆ ಬೇಕು, ಅದು ಖಚಿತ. ಉಳಿದದ್ದರ ಬಗ್ಗೆ ಓದಿದವರಲ್ಲೇ ಒಮ್ಮತವಿಲ್ಲ.”

ಡಾಕ್ಟರ್ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಕಸ್ತೂರಿಬಾಯಿ ಅದೇ ಮೊದಲ ಸಲ ಕೇಳಿದ್ದು. ಅದರಿಂದ ಸಮಾಧಾನವಾಯಿತೋ ಭಯವಾಯಿತೋ ಆಕೆಗೆ ಹೇಳಲಾಗಲಿಲ್ಲ. ಕಡಿಮೆಯಾದರೆ ಎಲುಬು ನೋಯುತ್ತದೆ, ಹೆಚ್ಚಾದರೆ ತಲೆ ಕೆಡುತ್ತದೆ; ಬಿಸಿಲಿಗೆ ಹೋಗದಿದ್ದರೆ ಕಡಿಮೆ, ಹೋದರೂ ಕಡಿಮೆ. ಮಹಾನಂದಾಗೂ ಅದೇ ಪೊಟ್ಟಣ ಬರೆದುಕೊಟ್ಟಾಗ ಕಸ್ತೂರಿಬಾಯಿ ಆಕೆಯ ರಟ್ಟೆ ಹಿಡಿದು ಹೇಳಿದಳು:

“ರವಿವಾರಕ್ಕೊಂದು. ತಿಳೀತಾ? ಸೋಮಾರ ನೆಂಪಾದ್ರೂ ಕುಡೀಬ್ಯಾಡ.”

ಮನೆಗೆ ಮರಳಿದ ಮೇಲೆ ಬೇರೆಯೇ ಗೊಂದಲ ಕಾದಿತ್ತು. ಯಾರೂ ಆಕೆಯನ್ನು ದೂರಲಿಲ್ಲ. ಲತಾ ತನ್ನದೇ ತಪ್ಪು, ತಾಯಿ ಏನು ಕುಡಿಯುತ್ತಾಳೆಂದು ನೋಡಬೇಕಿತ್ತು ಎಂದು ಅತ್ತಳು. ರೇವಣಪ್ಪ ನಾಸಿಕದ ಡಾಕ್ಟರನ್ನು ಬೈದ, ಜಯಂತ್ ಕೆಳಗಿನ ಅಂಗಡಿಯವನನ್ನು. ಆದರೆ ಕೂಸಿನ ವಿಷಯ ಯಾರೂ ಎತ್ತಲಿಲ್ಲ. ಲತಾ ಕೂಸನ್ನು ತಾಯಿಯ ಮುಂದೆ ಮಲಗಿಸುತ್ತಿದ್ದಳು, ತೊಡೆಗೆ ಕೊಡುತ್ತಿರಲಿಲ್ಲ. ಕಸ್ತೂರಿಬಾಯಿಯೂ ಕೇಳುತ್ತಿರಲಿಲ್ಲ. ತನ್ನ ತಲೆ ಸರಿಯಾಗಿದೆ ಎಂದು ತನಗೇ ಹೇಗೆ ಗೊತ್ತಾಗಬೇಕು? ಅಂದು ಬಚ್ಚಲಲ್ಲಿ ಕೂತಾಗಲೂ ತಾನು ಸರಿಯಾಗಿದ್ದೇನೆ ಎಂದೇ ಅಲ್ಲವೇ ತಿಳಿದಿದ್ದು? ಕನ್ನಡಕ ಎಲ್ಲಿಟ್ಟೆನೆಂದು ಮರೆತರೂ ಎದೆ ಧಸಕ್ಕೆನ್ನುತ್ತಿತ್ತು. ಎಲ್ಲರೂ ಮರೆಯುವಂಥ ಮರೆವೋ, ಅದೇ ಮತ್ತೆ ಬಂತೋ?

ಲತಾಳ ರಜೆ ಮುಗಿಯುವ ದಿನ ಹತ್ತಿರ ಬಂತು. ಕೂಸನ್ನು ಪಾಳಣಾಘರಕ್ಕೆ, ಎಂದರೆ ಹಣ ಕೊಟ್ಟು ಮಕ್ಕಳನ್ನು ಬಿಡುವ ಮನೆಗೆ ಹಾಕುವ ಮಾತು ನಡೆಯಿತು. ಒಂದು ಮಧ್ಯಾಹ್ನ ಲತಾ ತಾಯಿಯ ಪಕ್ಕ ಬಂದು ಕೂತಳು.

“ಅವ್ವಾ, ನೀ ಇರ್ತ್ಯಾ? ಓವಿನ್ನ ನೋಡ್ಕೋತ್ಯಾ?”

ಕೂಸಿನ ಹೆಸರು ಓವಿ. ಅದು ಮರಾಠಿ ಹೆಸರು, ಜಯಂತನ ಕಡೆಯವರು ಇಟ್ಟದ್ದು.

“ನಂಗ ನನ್ನ ಮ್ಯಾಲೇ ಭರೋಸಾ ಇಲ್ಲವ್ವಾ” ಎಂದಳು ಕಸ್ತೂರಿಬಾಯಿ. “ಮತ್ತ ಹಂಗ ಆದ್ರ? ನೀ ಆಫೀಸಿನಾಗ ಇರ್ತಿ.”

“ಡಾಕ್ಟರ್ ಆಗಲ್ಲ ಅಂದಾರ.”

“ಅವರಿಗಿ ಎಲ್ಲಾ ಗೊತ್ತಿಲ್ಲಂತ ಅವರೇ ಅಂದಾರಲ್ಲ.”

ಲತಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. “ನನ್ನ ಕೈಲಿಂದ ಅವತ್ತ ಕೂಸು ಕಸ್ಕೊಂಡಿದ್ದೆ ನಾ. ನಿಂಗ ಕೆಟ್ಟ ಅನ್ಸಿರ್ಬೇಕು.”

“ನಿನ್ನ ಕೈಲಿಂದ ಅನ್ನಬೇಕು, ನನ್ನ ಕೈಲಿಂದ ಅಲ್ಲ” ಎಂದು ಕಸ್ತೂರಿಬಾಯಿ ಮಗಳ ಕನ್ನಡ ತಿದ್ದಿದಳು. ಸ್ವಲ್ಪ ತಡೆದು ಹೇಳಿದಳು: “ನೀ ಕಸ್ಕೊಂಡಿದ್ದು ಚಲೋನೇ ಆಯ್ತು. ನಿನ್ನ ಜಾಗಾದಾಗ ನಾ ಇದ್ರೂ ಕಸ್ಕೋತಿದ್ದೆ.”

ಕೊನೆಗೆ ಒಂದು ದಾರಿಗೆ ಬಂದರು. ರೇವಣಪ್ಪ ಸಾತಪುರದ ಮನೆಗೆ ಬೀಗ ಹಾಕಿ ಬಂದು ಇಲ್ಲೇ ಇರುವುದು. ಕೂಸಿನ ಹತ್ತಿರ ಇಬ್ಬರೂ ಒಟ್ಟಿಗೇ ಇರುವುದು. ಮೃಣಾಲಿನಿ ಹೇಳಿದಾಗಲೆಲ್ಲ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುವುದು. ರೇವಣಪ್ಪ ಬದುಕಿನಲ್ಲಿ ಕೂಸನ್ನು ಆಡಿಸಿದವನಲ್ಲ. ಲತಾ ಚಿಕ್ಕವಳಿದ್ದಾಗ ಅವನು ಪಾಳಿಯಲ್ಲಿರುತ್ತಿದ್ದ, ಇಲ್ಲವೇ ನಿದ್ದೆಯಲ್ಲಿ. ಈಗ ಓವಿಯ ಬಟ್ಟೆ ಒಣಹಾಕುವುದನ್ನೂ ಕಲಿತ. ಹೆಂಡತಿಯ ಮೇಲೆ ಒಂದು ಕಣ್ಣಿಡಲು ಬಂದವನು ತಾನೇ ಮೂರು ಸಲ ಮರೆತು ಹಾಲು ಉಕ್ಕಿಸಿದ. ಅದನ್ನು ಕಂಡು ಕಸ್ತೂರಿಬಾಯಿಗೆ ವಿಚಿತ್ರವಾದ ಧೈರ್ಯ ಬಂತು.

ತಿಂಗಳುಗಳಾದರೂ ಆಕೆಯ ರಕ್ತದಲ್ಲಿ ಡಿ ಹೆಚ್ಚೇ ಇತ್ತು, ನಿಧಾನವಾಗಿ ಇಳಿಯುತ್ತಿತ್ತು. ಕ್ಯಾಲ್ಸಿಯಂ ಮಾತ್ರ ಹದಕ್ಕೆ ಬಂದಿತ್ತು. ಮುಂದೊಂದು ದಿನ ಪೂರ್ತಿ ಇಳಿದರೆ ಮತ್ತೆ ಪೊಟ್ಟಣ ಬೇಕಾಗಬಹುದು ಎಂದು ಮೃಣಾಲಿನಿ ಹೇಳಿದಾಗ ಕಸ್ತೂರಿಬಾಯಿ ಕೈಮುಗಿದುಬಿಟ್ಟಳು.

ಓವಿ ಅಂಬೆಗಾಲಿಡುವ ದಿನಗಳಲ್ಲಿ ಜಯಂತ್ ಫೋನಿನ ಹಳೆಯ ವೀಡಿಯೊಗಳನ್ನು ಟಿವಿಗೆ ಹಾಕಿ ತೋರಿಸಿದ. ತೊಟ್ಟಿಲು ಕಟ್ಟಿದ ಮನೆ, ಹೂವು, ಹೆಂಗಸರು. ನಡುವೆ ಕಸ್ತೂರಿಬಾಯಿ ಹಸಿರು ಇಳಕಲ್ ಸೀರೆಯುಟ್ಟು ತೊಟ್ಟಿಲ ಹಗ್ಗ ಹಿಡಿದು ಜೋಗುಳ ಹಾಡುತ್ತಿದ್ದಳು. ದನಿ ಗಟ್ಟಿಯಾಗಿತ್ತು, ಒಂದು ಶಬ್ದವೂ ತಪ್ಪಿರಲಿಲ್ಲ. ನಡುವೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಮತ್ತೆ ಹಾಡಿಗೆ ಮರಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಕಸ್ತೂರಿಬಾಯಿ ಟಿವಿಯನ್ನೇ ನೋಡುತ್ತ ಕೂತಳು.

“ಇದು ಯಾವಾಗಿಂದು?”

“ಹೆಸರಿಟ್ಟಾಗಿಂದು ಅವ್ವಾ. ನಿನ್ನ ದವಾಖಾನಿಗಿ ಒಯ್ಯೂದಕ್ಕ ಸ್ವಲ್ಪ ಮೊದಲು.”

“ನಾ ಅಲ್ಲಿ ಇದ್ದೆನಾ?”

ಆಕೆಗೆ ಆ ದಿನದ ಹೂವೂ ನೆನಪಿಲ್ಲ, ಜನವೂ ನೆನಪಿಲ್ಲ. ಓವಿ ಎಂಬ ಹೆಸರನ್ನು ಯಾರೋ ಇಟ್ಟಾದ ಮೇಲೆ ತನಗೆ ಹೇಳಿದರು ಎಂದೇ ಇಷ್ಟು ದಿನ ತಿಳಿದಿದ್ದಳು. ಕೂಸಿನ ಕಿವಿಯಲ್ಲಿ ಅದನ್ನು ಮೊದಲು ಹೇಳಿದವಳು ತಾನೇ ಎಂದರೆ ನಂಬುವುದು ಹೇಗೆ? ಉಪ್ಪು ಹಾಕಿದ್ದು ಮರೆತ ತಲೆಗೆ ಇಷ್ಟುದ್ದದ ಹಾಡು ಹೇಗೆ ನೆನಪಿತ್ತು?

“ಇನ್ನೊಮ್ಮಿ ಹಾಕ್ರಿ” ಎಂದಳು ಅಳಿಯನಿಗೆ.

ಜಯಂತ್ ಮತ್ತೆ ಹಾಕಿದ. ವೀಡಿಯೊ ಹಾಡಿನ ನಡುವೆಯೇ ನಿಂತುಹೋಗುತ್ತಿತ್ತು. ಹಿಡಿದಿದ್ದವರು ಯಾರೋ ಊಟಕ್ಕೆ ಎದ್ದಿರಬೇಕು.

“ಮುಂದ ಏನ್ ಹಾಡಿದೆ ನಾ?”

“ನಂಗೆಲ್ಲಿ ಬರ್ತದವ್ವಾ” ಎಂದಳು ಲತಾ. “ಚಲೋ ಇತ್ತು. ಭಾಳ ಹೊತ್ತು ಹಾಡಿದಿ.”

ಕಸ್ತೂರಿಬಾಯಿ ಬಾಯೊಳಗೇ ಮೊದಲಿನಿಂದ ಶುರುಮಾಡಿ ನೋಡಿದಳು. ವೀಡಿಯೊ ನಿಂತ ಸಾಲಿಗೆ ಬಂದಾಗ ಒಂದು ಕ್ಷಣ ತಡವರಿಸಿ, ಆಮೇಲೆ ದಾಟಿದಳು. ಓವಿ ಅಜ್ಜಿಯ ಮಡಿಲಿನಿಂದ ಜಾರಿ, ಅಜ್ಜ ಕೆಳಗಿಟ್ಟ ಚಮಚೆಯ ಕಡೆಗೆ ಅಂಬೆಗಾಲಿಟ್ಟು ಹೋಯಿತು. ಕಸ್ತೂರಿಬಾಯಿ ಹಾಡು ನಿಲ್ಲಿಸದೆ ಅದರ ಮೇಲೆ ಕಣ್ಣಿಟ್ಟಳು.